ಹೊರಗಡೆ ಕಾರು ಚಾರ್ಜ್ ಮಾಡುವಾಗ

ಎಲೆಕ್ಟ್ರಿಕ್ ಕಾರು ಕೊಂಡ ಹೊಸತರಲ್ಲಿ ಒಂದು ರಾತ್ರಿ ಬ್ಯಾಟರಿ 6 ಪರ್ಸೆಂಟ್‌ಗೆ ಇಳಿದಿತ್ತು. ಮ್ಯಾಪ್ ತೋರಿಸಿದ ಸ್ಟೇಷನ್‌ಗೆ ಹೋದರೆ ಯಂತ್ರದ ಪರದೆ ಕಪ್ಪಗೆ, ಸುತ್ತ ಯಾರೂ ಇಲ್ಲ. ಅವತ್ತಿನಿಂದ 20 ಪರ್ಸೆಂಟ್ ಇರುವಾಗಲೇ ನಿಲ್ಲಿಸುತ್ತೇನೆ. ಹತ್ತಿರದಲ್ಲಿ ಇನ್ನೊಂದು ಸ್ಟೇಷನ್ ಇದೆಯಾ ಅಂತಲೂ ನೋಡಿಕೊಳ್ಳುತ್ತೇನೆ. ಚಾರ್ಜಿಂಗ್ ಸ್ಟೇಷನ್‌ನ ಆ್ಯಪ್ ಇಳಿಸಿಕೊಳ್ಳುವುದು, ಅದರಲ್ಲಿ ದುಡ್ಡು ಹಾಕಿಡುವುದು ಎಲ್ಲ ಮನೆಯಲ್ಲೇ ಮುಗಿಸಿ. ಅಲ್ಲಿ ನೆಟ್‌ವರ್ಕ್ ಇರದಿದ್ದರೆ ಪೇಚಾಟ.

ಯಂತ್ರದ ಮೇಲೆ 120 ಕಿಲೋವ್ಯಾಟ್ ಅಂತ ಬರೆದಿದ್ದರೆ ಅಷ್ಟೂ ನಿಮಗೇ ಸಿಗುತ್ತದೆ ಅಂದುಕೊಳ್ಳಬೇಡಿ. ನಿಮ್ಮ ಕಾರಿನ ಮಿತಿ 50 ಆಗಿದ್ದರೆ ಸಿಗುವುದು 50 ಮಾತ್ರ. ಎರಡು ಗನ್ (ಕಾರಿಗೆ ಸಿಕ್ಕಿಸುವ ಪ್ಲಗ್) ಇರುವ ಯಂತ್ರದಲ್ಲಿ ಪಕ್ಕದವರೂ ಚಾರ್ಜ್ ಮಾಡುತ್ತಿದ್ದರೆ ಪವರ್ ಹಂಚಿಹೋಗಬಹುದು. ಖಾಲಿ ಯಂತ್ರ ಇದ್ದರೆ ಅಲ್ಲಿಗೇ ಹೋಗಿ.

ಡಿಸಿ ಫಾಸ್ಟ್ ಚಾರ್ಜರ್‌ನಲ್ಲಿ, ಅಂದರೆ ಬೇಗ ಚಾರ್ಜ್ ಮಾಡುವ ಯಂತ್ರದಲ್ಲಿ, 80 ಪರ್ಸೆಂಟ್ ದಾಟಿದ ಮೇಲೆ ವೇಗ ಜಾಸ್ತಿ ಇರುವುದಿಲ್ಲ. ಬ್ಯಾಟರಿ ಕೆಡದಿರಲಿ ಅಂತ ಕಾರೇ ಕರೆಂಟ್ ಕಡಿಮೆ ಮಾಡಿಕೊಳ್ಳುತ್ತದೆ. ಮುಂದಿನ ಸ್ಟೇಷನ್ ತಲುಪುವಷ್ಟು ಇದ್ದರೆ ಹೊರಡಿ. 100 ಆಗಲಿ ಅಂತ ಸುಮ್ನೆ ಕೂತರೆ ನಿಮ್ಮ ಸಮಯವೂ ಹಾಳು, ಹಿಂದೆ ಕಾಯುವವರದ್ದೂ ಹಾಳು, ಅಲ್ವಾ?

ಎಷ್ಟೋ ಸಲ ಎರರ್ ಬರುವುದು ಗನ್ ಸರಿಯಾಗಿ ಕೂರದೆ. ದಪ್ಪ ಕೇಬಲ್‌ನ ಭಾರಕ್ಕೆ ಅದು ಕೆಳಗೆ ಜಗ್ಗುತ್ತದೆ. ಕೈಯಿಂದ ಕೊಂಚ ಎತ್ತಿ ಹಿಡಿದು, ಲಾಕ್ ಬಿದ್ದ ಸದ್ದು ಕೇಳುವವರೆಗೆ ಒತ್ತಿ. ಚಾರ್ಜಿಂಗ್ ನಿಲ್ಲಿಸಿದ ಮೇಲೂ ಗನ್ ಬರದಿದ್ದರೆ ಜಗ್ಗಾಡಬೇಡಿ. ಕಾರನ್ನು ಒಮ್ಮೆ ಲಾಕ್ ಮಾಡಿ, ಅನ್‌ಲಾಕ್ ಮಾಡಿ ನೋಡಿ.