ಒಂದೇ ಮಾಡೆಲ್‌ನಲ್ಲಿ ಹಲವು ಅನಾಲಿಸಿಸ್: ಆನ್ಸಿಸ್ ವರ್ಕ್‌ಬೆಂಚ್‌ನಲ್ಲಿ ಹೀಗೆ ಮಾಡಿ

ಆನ್ಸಿಸ್ ವರ್ಕ್‌ಬೆಂಚ್ ಅಂದರೆ ಯಂತ್ರದ ಭಾಗಗಳು ಲೋಡ್ ತಡೆಯುತ್ತವಾ, ಹೇಗೆ ಕಂಪಿಸುತ್ತವೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸಾಫ್ಟ್‌ವೇರ್. ಮೋಟಾರನ್ನು ಹಿಡಿದಿಡುವ ಒಂದು ಬ್ರಾಕೆಟ್ ಇದೆ ಅಂದುಕೊಳ್ಳಿ. ಮೋಟಾರಿನ ಭಾರ ತಡೆಯುತ್ತದಾ ನೋಡಬೇಕು, ಬೆಲ್ಟಿನ ಎಳೆತವೂ ಸೇರಿದರೆ ಏನಾಗುತ್ತದೆ ನೋಡಬೇಕು, ಜೊತೆಗೆ ಬ್ರಾಕೆಟ್ಟಿನ ನ್ಯಾಚುರಲ್ ಫ್ರೀಕ್ವೆನ್ಸಿ (ಅದು ತಾನಾಗಿ ಕಂಪಿಸುವ ವೇಗ) 25 ಹರ್ಟ್ಸ್ ಹತ್ತಿರ ಇದೆಯಾ ಅಂತಲೂ ನೋಡಬೇಕು, ಯಾಕೆಂದರೆ ಮೋಟಾರ್ ತಿರುಗುವುದು ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25. ಇದಕ್ಕೆ ಮೂರು ಫೈಲ್ ಮಾಡಬೇಡಿ. ನಾಳೆ ಪ್ಲೇಟಿನ ದಪ್ಪ 6 ಮಿ.ಮೀ.ನಿಂದ 8 ಆದರೆ ಮೂರೂ ಕಡೆ ತಿದ್ದಬೇಕಾಗುತ್ತದೆ, ಎಲ್ಲೋ ಒಂದು ಕಡೆ ಬಿಟ್ಟುಹೋಗುತ್ತದೆ.

ಒಂದು ಲೆಕ್ಕದಿಂದ ಇನ್ನೊಂದಕ್ಕೆ ಏನು ಬದಲಾಗುತ್ತದೆ ಅಂತ ಮೊದಲು ನೋಡಿ. ಎಲ್ಲಿ ಬೇರೆ ಮಾಡಬೇಕು ಅನ್ನುವುದು ಅದರ ಮೇಲೇ ನಿಂತಿದೆ.

ವರ್ಕ್‌ಬೆಂಚ್‌ನಲ್ಲಿ ಒಂದು ಅನಾಲಿಸಿಸ್‌ನ ಬಾಕ್ಸಿಗೆ ಸಿಸ್ಟಮ್ ಅಂತ, ಅದರೊಳಗಿನ ಒಂದೊಂದು ಸಾಲಿಗೆ ಸೆಲ್ ಅಂತ ಹೆಸರು. ಲೋಡ್ ಮಾತ್ರ ಬದಲಾದರೆ ಹೊಸ ಸಿಸ್ಟಮ್ ಬೇಡ. ಅನಾಲಿಸಿಸ್ ಸೆಟಿಂಗ್ಸ್‌ನಲ್ಲಿ ನಂಬರ್ ಆಫ್ ಸ್ಟೆಪ್ಸ್ 2 ಮಾಡಿ, ಮೊದಲ ಸ್ಟೆಪ್‌ನಲ್ಲಿ ಬೆಲ್ಟ್ ಫೋರ್ಸನ್ನು ಟೇಬಲ್‌ನಲ್ಲಿ ರೈಟ್ ಕ್ಲಿಕ್ ಮಾಡಿ ಡಿಆಕ್ಟಿವೇಟ್ ಮಾಡಿ. ಆದರೆ ಒಂದು ಮಾತು ನೆನಪಿಡಿ. ಮಾಡೆಲ್ ಲೀನಿಯರ್ ಇದ್ದರೆ (ಲೋಡ್ ಎರಡರಷ್ಟಾದರೆ ಬಾಗುವುದೂ ಎರಡರಷ್ಟು) ಮಾತ್ರ ಈ ಸ್ಟೆಪ್‌ಗಳು ಬೇರೆ ಬೇರೆ ಲೋಡ್ ಕೇಸ್ ಇದ್ದ ಹಾಗೆ. ಫ್ರಿಕ್ಷನ್ ಇರುವ ಕಾಂಟಾಕ್ಟೋ (ಎರಡು ಭಾಗ ತಾಗುವ ಜಾಗ) ಪ್ಲಾಸ್ಟಿಸಿಟಿಯೋ (ಲೋಹ ಶಾಶ್ವತವಾಗಿ ಬಗ್ಗುವುದು) ಇದ್ದರೆ ಮೊದಲ ಸ್ಟೆಪ್ ಮುಗಿದ ಸ್ಥಿತಿಯಿಂದಲೇ ಎರಡನೆಯದು ಶುರುವಾಗುತ್ತದೆ, ಆಗ ಬೇರೆ ಸಿಸ್ಟಮ್ಮೇ ಸರಿ.

ಸಪೋರ್ಟ್ ಬದಲಾದರೆ ಸೆಟಪ್ ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಡೂಪ್ಲಿಕೇಟ್ ಕೊಡಿ. ಮೆಟೀರಿಯಲ್, ಜಾಮೆಟ್ರಿ, ಮೆಶ್ (ಲೆಕ್ಕಕ್ಕಾಗಿ ಭಾಗವನ್ನು ಚಿಕ್ಕ ತುಂಡುಗಳಾಗಿ ಒಡೆದ ಜಾಲ) ಎಲ್ಲ ಹಂಚಿಕೆಯಲ್ಲೇ ಉಳಿಯುತ್ತವೆ, ಸೆಟಪ್‌ನಿಂದ ಕೆಳಗಿನದು ಮಾತ್ರ ಹೊಸದು. ಮೆಶ್ ಅಥವಾ ಕಾಂಟಾಕ್ಟೇ ಬೇರೆ ಬೇಕಾದರೆ ಮಾಡೆಲ್ ಸೆಲ್‌ನಲ್ಲಿ ಡೂಪ್ಲಿಕೇಟ್ ಮಾಡಿ. ಇಲ್ಲೇ ಜಾಸ್ತಿ ಜನ ಎಡವುವುದು: ಹಂಚಿಕೊಂಡ ಮಾಡೆಲ್‌ನಲ್ಲಿ ಒಂದು ಬಾಡಿ ಸಪ್ರೆಸ್ ಮಾಡಿದರೆ (ಲೆಕ್ಕದಿಂದ ಹೊರಗಿಟ್ಟರೆ) ಅದು ಎಲ್ಲ ಅನಾಲಿಸಿಸ್‌ನಿಂದಲೂ ಹೋಗುತ್ತದೆ.

ಈಗ ಮೋಡಲ್, ಅಂದರೆ ನ್ಯಾಚುರಲ್ ಫ್ರೀಕ್ವೆನ್ಸಿ ಹುಡುಕುವ ಅನಾಲಿಸಿಸ್. ಇದಕ್ಕೆ ಎರಡು ದಾರಿ, ಎರಡರ ಉತ್ತರವೂ ಒಂದೇ ಅಲ್ಲ. ಮೋಡಲ್ ಸಿಸ್ಟಮನ್ನು ಸ್ಟ್ಯಾಟಿಕ್‌ನ (ಭಾರ, ಬೆಲ್ಟ್ ಲೆಕ್ಕ ಮಾಡಿದ ಸಿಸ್ಟಮ್‌ನ) ಮಾಡೆಲ್ ಸೆಲ್ ಮೇಲೆ ಎಳೆದು ಬಿಟ್ಟರೆ ಮೆಶ್ ಬರುತ್ತದೆ, ಸಪೋರ್ಟ್ ಬರುವುದಿಲ್ಲ, ಅದನ್ನು ನೀವೇ ಕಾಪಿ ಮಾಡಬೇಕು. ಮರೆತಿದ್ದರೆ ಮೊದಲ ಆರು ಫ್ರೀಕ್ವೆನ್ಸಿ ಹೆಚ್ಚುಕಡಿಮೆ ಸೊನ್ನೆ ಬರುತ್ತವೆ, ಅಲ್ಲೇ ಗೊತ್ತಾಗುತ್ತದೆ. ಸ್ಟ್ಯಾಟಿಕ್‌ನ ಸೊಲ್ಯೂಷನ್ ಸೆಲ್ ಮೇಲೆ ಬಿಟ್ಟರೆ ಪ್ರೀ-ಸ್ಟ್ರೆಸ್ಡ್ ಮೋಡಲ್, ಸಪೋರ್ಟ್ ಸ್ಟ್ಯಾಟಿಕ್‌ನಿಂದಲೇ ಬರುತ್ತದೆ, ಲೋಡಿನಿಂದ ಬಂದ ಬಿಗಿತವೂ ಲೆಕ್ಕಕ್ಕೆ ಸೇರುತ್ತದೆ. ನಮ್ಮಂಥ ದಪ್ಪ ಬ್ರಾಕೆಟ್‌ಗೆ ಸಾಮಾನ್ಯವಾಗಿ ಮೊದಲನೆಯದೇ ಸಾಕು. ತೆಳು ಪ್ಲೇಟ್, ಎಳೆದು ಕಟ್ಟಿದ ಭಾಗ, ಜೋರಾಗಿ ತಿರುಗುವ ಭಾಗ ಇವಕ್ಕೆ ಎರಡನೆಯದು ಬೇಕು.

ಮೋಟಾರನ್ನು ಬರೀ ಫೋರ್ಸ್ ಅಂತ ಹಾಕಿದರೆ ಸ್ಟ್ಯಾಟಿಕ್ ಉತ್ತರ ಸರಿ ಬರಬಹುದು, ಮೋಡಲ್‌ನಲ್ಲಿ ಮಾತ್ರ ಆ ಭಾರ ಕಾಣೆ. ಫ್ರೀಕ್ವೆನ್ಸಿ ಸುಮ್ನೆ ಮೇಲೆ ಹೋಗಿ ಬ್ರಾಕೆಟ್ ಗಟ್ಟಿಯಾಗಿದೆ ಅನ್ನಿಸುತ್ತದೆ. ಅದಕ್ಕೇ ಪಾಯಿಂಟ್ ಮಾಸ್ (ಒಂದು ಬಿಂದುವಿನಲ್ಲಿ ಇಟ್ಟ ಮೋಟಾರಿನ ತೂಕ) ಹಾಕಿ. ಅದು ಜಾಮೆಟ್ರಿ ಕೆಳಗೆ ಕೂರುವುದರಿಂದ ಎಲ್ಲ ಅನಾಲಿಸಿಸ್‌ಗೂ ಸಿಗುತ್ತದೆ. ಸ್ಟ್ಯಾಟಿಕ್‌ನಲ್ಲಿ ಸ್ಟ್ಯಾಂಡರ್ಡ್ ಅರ್ಥ್ ಗ್ರಾವಿಟಿ ಸೇರಿಸಿದರೆ ಭಾರವೂ ಬಂತು, ಅಲ್ವಾ? ಮೋಟಾರಿನ ಭಾರಕ್ಕೆ ಅಂತ ಮೊದಲು ಹಾಕಿದ್ದ ಫೋರ್ಸ್ ಮಾತ್ರ ತೆಗೆದುಬಿಡಿ, ಇಲ್ಲದಿದ್ದರೆ ಭಾರ ಎರಡು ಸಲ ಬೀಳುತ್ತದೆ.

ಪ್ರತಿ ಸಿಸ್ಟಮ್‌ಗೂ ಆಗಿಂದಾಗಲೇ ಹೆಸರು ಕೊಡಿ: ‘ಭಾರ+ಬೆಲ್ಟ್, 4 ಬೋಲ್ಟ್’ ಹೀಗೆ. ದಪ್ಪ ಬದಲಾದ ಮೇಲೆ ಒಂದೊಂದು ಸೆಲ್ ನೋಡಿ, ಮಿಂಚಿನ ಗುರುತು ಇದ್ದರೆ ಅದರ ಉತ್ತರ ಇನ್ನೂ ಹಳೆಯದು. ಹಸಿರು ಟಿಕ್ ಬರುವ ತನಕ ಆ ಸಂಖ್ಯೆಯನ್ನು ರಿಪೋರ್ಟಿಗೆ ಹಾಕಬೇಡಿ.