ಸ್ವೀಡನ್ನಿನ ಕಾಡಿನಲ್ಲಿ ಆರು ಡೇರೆ: ಬಾಗಿಲು ತಟ್ಟಿ ಕೇಳಿದ ನನ್ನ ಅನುಭವ

ಸ್ವೀಡನ್ನಿನ ‘ಅಲ್ಲೆಮನ್ಸ್‌ರೆಟ್’, ಅಂದರೆ ಪ್ರಕೃತಿಯಲ್ಲಿ ಓಡಾಡಲು ಎಲ್ಲರಿಗೂ ಇರುವ ಹಕ್ಕು, ಏನೆಂದು ಇಲ್ಲಿರುವ ಕನ್ನಡಿಗರಿಗೆ ಹೇಳಬೇಕಿಲ್ಲ. ಯಾರ ಕಾಡಿನಲ್ಲಾದರೂ ಅಡ್ಡಾಡಬಹುದು, ಮನೆಗಳಿಂದ ದೂರವಿದ್ದು ಒಂದೆರಡು ರಾತ್ರಿ ಡೇರೆ ಹಾಕಬಹುದು. 1994ರಿಂದ ಸಂವಿಧಾನದಲ್ಲೇ ಇದರ ಮಾತಿದೆ. ಆದರೆ ನಾವು ಆರು ಕುಟುಂಬ, ಮಕ್ಕಳುಮರಿ ಸೇರಿ 20ರ ಮೇಲೆ. ಇಷ್ಟು ದೊಡ್ಡ ಗುಂಪಿಗೆ ಜಮೀನಿನವರ ಒಪ್ಪಿಗೆ ಬೇಕು. “ಗುರುತು ಪರಿಚಯ ಇಲ್ಲದವರಿಗೆ ಯಾರು ಜಾಗ ಕೊಡುತ್ತಾರೆ ಮಾರಾಯರೇ?” ಎಂದು ಗೆಳೆಯರು ಕೈಚೆಲ್ಲಿದರು. ಕ್ಯಾಂಪಿಂಗ್ ತಾಣಕ್ಕೆ ಹೋದರೆ ಡೇರೆಗೆ ದಿನಕ್ಕೆ ಸುಮಾರು 350 ಕ್ರೋನರ್, ಎರಡು ರಾತ್ರಿಗೆ ಎಲ್ಲರದ್ದೂ ಸೇರಿ 4,000 ದಾಟುತ್ತಿತ್ತು.

ಜಮೀನಿನವರಿಗೆ ಪತ್ರ ಬರೆದೆ, ಉತ್ತರವಿಲ್ಲ. ಮನೆಗಳಿಗೇ ಹೋದೆ; ಪೆಟ್ರೋಲಿಗೆ 600 ಕ್ರೋನರಾದರೂ ಸುಟ್ಟಿರಬೇಕು. ಒಬ್ಬರು ಕರುಗಳು ಮೇಯುತ್ತಿವೆ ಎಂದರು. ಇನ್ನೊಬ್ಬರು ಮಾತಾಡದೆ ಸರೋವರದ ದಂಡೆಗೆ ಕರೆದೊಯ್ದು, ಹಿಂದೆ ಯಾರೋ ಬೆಂಕಿ ಹಾಕಿದ್ದ ಬಂಡೆ ತೋರಿಸಿದರು. ಕಾವಿಗೆ ಕಲ್ಲು ಚಕ್ಕೆ ಚಕ್ಕೆಯಾಗಿ ಎದ್ದಿತ್ತು, ಬೆರಳಿಟ್ಟರೆ ಅಂಚು ಚುಚ್ಚುತ್ತಿತ್ತು. ಹಿಮಯುಗ ಉಜ್ಜಿ ನುಣುಪಾಗಿಸಿದ ಬಂಡೆ ಅದು, ಇನ್ನು ಸರಿಹೋಗುವುದಿಲ್ಲ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಅಲ್ಲಿಂದ ಮುಂದೆ ಜಾಗ ಕೇಳುವ ಮೊದಲೇ ನಾವು ಏನು ಮಾಡುವುದಿಲ್ಲ ಎಂದು ಹೇಳತೊಡಗಿದೆ. ಸೌದೆ ಉರಿಸುವುದಿಲ್ಲ, ಟ್ರಾಂಗಿಯಾ ಸ್ಪಿರಿಟ್ ಒಲೆ ಮಾತ್ರ. ಕಾರು ಹುಲ್ಲಿನ ಮೇಲೆ ಹತ್ತುವುದಿಲ್ಲ. ಡೈಪರ್ ಸಮೇತ ಕಸವೆಲ್ಲ ನಮ್ಮ ಜೊತೆಗೇ ವಾಪಸ್. ಶೌಚಕ್ಕೆ ನೀರಿನಿಂದ ದೂರ ಗೇಣಾಳದ ಗುಂಡಿ, ಗುದ್ದಲಿ ನಮ್ಮದೇ. ಉಪ್ಸಲಾ ಕಡೆಯ ಹಿರಿಯ ರೈತರೊಬ್ಬರು ಪೂರ್ತಿ ಕೇಳಿ ಒಪ್ಪಿಬಿಟ್ಟರು! ಹಣ ಮುಟ್ಟಲಿಲ್ಲ, ಕುರಿಗಳ ಗೇಟು ಮುಚ್ಚಿಕೊಂಡು ಓಡಾಡಿ ಎಂದರು, ಅಷ್ಟೇ. ಈಗ ಪ್ರತಿ ಬೇಸಿಗೆಗೂ ಅವರೇ ಫೋನ್ ಮಾಡುತ್ತಾರೆ. ಅಂದು ಕೈಚೆಲ್ಲಿದವರೇ ಸೆಕೆಂಡ್ ಹ್ಯಾಂಡ್ ಡೇರೆ ಕೊಂಡಿದ್ದಾರೆ, 800 ಕ್ರೋನರಿಗೆ ಒಳ್ಳೆಯದೇ ಸಿಗುತ್ತದೆ. ನಾವು ಡೇರೆ ಹಾಕುವ ಸರೋವರ ಯಾವುದು, ಯಾವ ಹೊತ್ತಿನಲ್ಲಿ ಬಾಗಿಲು ತಟ್ಟಬೇಕು ಎಂಬುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಹಣ್ಣು ಆರಿಸಲು ಯಾರನ್ನೂ ಕೇಳಬೇಕಿಲ್ಲವಲ್ಲ, ಆಗಸ್ಟ್ ಕೊನೆಯಲ್ಲಿ ಕಾಡಿನ ಬ್ಲೂಬೆರಿಗೆ ಬೆಲ್ಲ, ಮೆಣಸಿನಪುಡಿ ಹಾಕಿ ಗೊಜ್ಜು ಮಾಡಿದೆವು. ಹುಳಿ ಸಾಲಲಿಲ್ಲ, ಒಂದು ಹಿಡಿ ಲಿಂಗನ್ ಹಣ್ಣು ಬೆರೆಸಿದ ಮೇಲೆ ಚಪಾತಿಗೆ ಸೊಗಸಾಯಿತು. ಮೀನಿನ ಕಥೆ ಬೇರೆ: ಸಮುದ್ರತೀರ ಮತ್ತು ಐದು ದೊಡ್ಡ ಸರೋವರಗಳನ್ನು ಬಿಟ್ಟರೆ ಗಾಳ ಹಾಕಲು ಪರವಾನಗಿ ಬೇಕು, ಮಕ್ಕಳಿಗೆ ಮೊದಲೇ ಹೇಳಿಡಿ.

ದುಡ್ಡು ಹೆಚ್ಚು ಹೋಗುವುದು ಉಣ್ಣಿ ಕಚ್ಚಿ ಬರುವ ಮೆದುಳು ಜ್ವರದ ಲಸಿಕೆಗೆ. ಒಂದು ಚುಚ್ಚುಮದ್ದಿಗೆ 400 ಕ್ರೋನರ್ ಆಸುಪಾಸು, ದೊಡ್ಡವರಿಗೆ ಮೂರಾದರೂ ಬೇಕು. ಡೇರೆ ಹಾಕಲು ಹೊರಡುವ ಮೊದಲು ಎರಡಾದರೂ ಮುಗಿದಿರಲಿ.