ಕೊನೆಯ 34 ನಿಮಿಷ: ಸೆಂಜುತ್ಸುವನ್ನು ಬೇಸ್ ಗಿಟಾರ್‌ನಲ್ಲಿ ಕಲಿತದ್ದು

ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ 'ಸೆಂಜುತ್ಸು' ಆಲ್ಬಮ್ ಸುಮಾರು 82 ನಿಮಿಷದ್ದು. ಅದರಲ್ಲಿ ಕೊನೆಯ ಮೂರು ಹಾಡುಗಳೇ 34 ನಿಮಿಷ ತಿನ್ನುತ್ತವೆ. 'ಡೆತ್ ಆಫ್ ದ ಕೆಲ್ಟ್ಸ್' 10 ನಿಮಿಷ 20 ಸೆಕೆಂಡ್, 'ದ ಪಾರ್ಚ್‌ಮೆಂಟ್' 12 ನಿಮಿಷ 39 ಸೆಕೆಂಡ್, 'ಹೆಲ್ ಆನ್ ಅರ್ಥ್' 11 ನಿಮಿಷ 19 ಸೆಕೆಂಡ್. ಮೂರನ್ನೂ ಬರೆದವರು ಒಬ್ಬರೇ, ಬ್ಯಾಂಡಿನ ಬೇಸ್ ವಾದಕ ಸ್ಟೀವ್ ಹ್ಯಾರಿಸ್. ಆಲ್ಬಮ್ ಬಂದಾಗ ಅವರಿಗೆ 65 ವರ್ಷ. ನಾನೂ ಬೇಸ್ ನುಡಿಸುವವನು. ಈ ಮೂರನ್ನೂ ಮೊದಲಿಂದ ಕೊನೆಯವರೆಗೆ ಕಲಿತೆ. ಹೇಗೆ ಕಲಿತೆ, ಎಲ್ಲಿ ಕೈ ಸೋತಿತು, ಎಲ್ಲಿ ತಲೆ ಸೋತಿತು ಎಂದು ಬರೆಯುತ್ತಿದ್ದೇನೆ.

ಇದೇ ಬ್ಯಾಂಡಿನ 'ದ ಟ್ರೂಪರ್' ನುಡಿಸಿದ ಕೈಗೆ ಇದೇನು ಮಹಾ ಅಂತ ಅನ್ನಿಸಬಹುದು. 1983ರ ಆ ಹಾಡು ನಾಲ್ಕು ನಿಮಿಷ ಚಿಲ್ಲರೆ. ವೇಗ ಜಾಸ್ತಿ ನಿಜ, ಆದರೆ ಕೈ ನೋಯಲು ಶುರುವಾಗುವ ಹೊತ್ತಿಗೆ ಮುಗಿದೇ ಹೋಗುತ್ತದೆ. ಸೆಂಜುತ್ಸುವಿನ ಕಷ್ಟ ಬೇರೆ ಥರದ್ದು. ಒಂದೊಂದೇ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ) ಬಿಡಿಸಿ ನೋಡಿದರೆ ಸುಲಭ. ಅದು ಎಷ್ಟು ಸುತ್ತು ಬರುತ್ತದೆ, ಯಾವ ಸುತ್ತಿನ ಕೊನೆಗೆ ತಿರುಗುತ್ತದೆ, ತಿರುಗಿ ಎಲ್ಲಿಗೆ ಹೋಗುತ್ತದೆ, ಪರೀಕ್ಷೆ ಇರುವುದು ಅಲ್ಲಿ. ಯೌವನದಲ್ಲಿ ಈ ಬ್ಯಾಂಡ್ ಓಡಿ ಗೆಲ್ಲುತ್ತಿತ್ತು. ಈಗ ನಡೆದು ಗೆಲ್ಲುತ್ತದೆ, ಆದರೆ ಬಹಳ ದೂರ ನಡೆಯುತ್ತದೆ. ಜೊತೆಗೆ ಹೋಗುವವರಿಗೆ ದಮ್ಮು ಬೇಕು.

ಹಾಗಾಗಿ ಮೊದಲು ಗಿಟಾರ್ ಮುಟ್ಟಲೇ ಇಲ್ಲ. ಪೆನ್ಸಿಲ್, ಕಾಗದ ಹಿಡಿದು ಕೂತೆ. ಹಾಡು ಕೇಳುತ್ತಾ ಅದರ ನಕ್ಷೆ ಬರೆದೆ. ಸ್ವರ ಯಾವುದು ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಪ್ರತಿ ಹೊಸ ಭಾಗಕ್ಕೆ ಒಂದು ಅಕ್ಷರ, ಅದರ ಪಕ್ಕದಲ್ಲಿ ಎಷ್ಟು ಸುತ್ತು ಎಂಬ ಸಂಖ್ಯೆ, ಅಷ್ಟೇ. ಹ್ಯಾರಿಸ್ ಹಾಡುಗಳಲ್ಲಿ ಹೆಚ್ಚಿನ ಭಾಗಗಳು ನಾಲ್ಕರ ಇಲ್ಲವೇ ಎಂಟರ ಲೆಕ್ಕದಲ್ಲಿ ಬರುತ್ತವೆ. ಎಲ್ಲಿ ಆ ಲೆಕ್ಕ ತಪ್ಪುತ್ತದೋ ಅಲ್ಲಿ ಕೆಂಪು ಗೆರೆ ಎಳೆದೆ. ಆಮೇಲೆ ಅಭ್ಯಾಸ ಮಾಡುವಾಗ ಮುಗ್ಗರಿಸಿದ್ದೆಲ್ಲ ಬಹುಪಾಲು ಆ ಕೆಂಪು ಗೆರೆಗಳ ಹತ್ತಿರವೇ.

ಲೆಕ್ಕವನ್ನು ಬರೀ ಎಣಿಸಿ ನೆನಪಿಡುವುದು ಹನ್ನೆರಡು ನಿಮಿಷದ ಹಾಡಿನಲ್ಲಿ ಆಗದ ಮಾತು. ಗುರುತುಗಳು ಬೇಕು. ಹಾಡುವ ಭಾಗದಲ್ಲಿ ಗಾಯಕ ಬ್ರೂಸ್ ಡಿಕಿನ್‌ಸನ್ ದನಿಯೇ ಗುರುತು. ಹ್ಯಾರಿಸ್ ಬರೆದ ಹಾಡುಗಳಲ್ಲಿ ಹಾಡಿನ ರಾಗವನ್ನೇ ಎಷ್ಟೋ ಕಡೆ ಗಿಟಾರ್ ಕೂಡ ನುಡಿಸುತ್ತದೆ. ಹೀಗಾಗಿ ರಾಗ ಬಾಯಿಗೆ ಬಂದರೆ ಅರ್ಧ ಹಾಡು ಕೈಗೆ ಬಂದ ಹಾಗೆ. ಡಿಕಿನ್‌ಸನ್ ಅವರ ನಾಲಿಗೆಯ ಬುಡದಲ್ಲಿದ್ದ ಕ್ಯಾನ್ಸರ್‌ಗೆ 2015ರಲ್ಲಿ ಚಿಕಿತ್ಸೆ ಆಯಿತು. ಆ ನಂತರ ಅವರು ಈ ಬ್ಯಾಂಡಿಗೆ ಹಾಡಿದ ಮೊದಲ ಸ್ಟುಡಿಯೋ ಆಲ್ಬಮ್ ಇದು. ದನಿ ಮೊದಲಿಗಿಂತ ಸ್ವಲ್ಪ ದಪ್ಪವಾಗಿದೆ ಅನ್ನಿಸುತ್ತದೆ ನನಗೆ. ನನಗೆ ಅದು ಇಷ್ಟವೇ.

ಹಾಡುವವರು ಸುಮ್ಮನಿರುವ ಉದ್ದದ ಭಾಗಗಳಲ್ಲಿ ಏನು ಮಾಡುವುದು? ಅಲ್ಲಿ ಸೋಲೋಗಳನ್ನೇ (ಒಬ್ಬ ಗಿಟಾರ್ ವಾದಕ ಮುಂದೆ ಬಂದು ನುಡಿಸುವ ಭಾಗ) ಮೈಲಿಗಲ್ಲು ಮಾಡಿಕೊಂಡೆ. 1999ರಿಂದ ಈ ಬ್ಯಾಂಡಿನಲ್ಲಿ ಮೂವರು ಗಿಟಾರ್ ವಾದಕರಿದ್ದಾರೆ. ಡೇವ್ ಮರ್ರಿ ನುಡಿಸಿದರೆ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಜಾರುತ್ತವೆ. ಏಡ್ರಿಯನ್ ಸ್ಮಿತ್ ಒಂದೊಂದು ಸ್ವರವನ್ನೂ ಯೋಚಿಸಿ ಇಡುತ್ತಾರೆ, ಅವರ ಸೋಲೋವನ್ನು ಗುನುಗಬಹುದು. ಯಾನಿಕ್ ಗರ್ಸ್ ಅವರದ್ದು ಸ್ವಲ್ಪ ಒರಟು, ಎಲ್ಲಿಂದ ಎಲ್ಲಿಗೆ ಹಾರುತ್ತಾರೆ ಹೇಳಲಾಗದು. ಈ ಮೂವರ ಕೈಗುಣ ಕಿವಿಗೆ ಹತ್ತಿದ ಮೇಲೆ 'ಈಗ ಇವರ ಸರದಿ ಮುಗಿಯುತ್ತಿದೆ, ಮುಂದಿನದು ನನ್ನ ತಿರುವು' ಎಂದು ತಾನಾಗಿ ಗೊತ್ತಾಗುತ್ತದೆ. ಎಣಿಸುವ ಅಗತ್ಯ ಬಹಳ ಕಡಿಮೆಯಾಯಿತು.

ನಕ್ಷೆ ಆದ ಮೇಲೆ ಸ್ವರ. ಇಲ್ಲಿ ಕಿವಿಗೆ ನಿಜವಾದ ಕೆಲಸ. ಮೂರು ಗಿಟಾರ್ ಸಾಲದು ಅಂತ ಕೀಬೋರ್ಡ್ ಬೇರೆ ಇದೆ, ಅದನ್ನೂ ನುಡಿಸಿದವರು ಹ್ಯಾರಿಸ್. ಆ ಕೀಬೋರ್ಡಿನ ವಯೊಲಿನ್‌ನಂಥ ದನಿ ಕೆಳಗೆಲ್ಲ ಹರಡಿಕೊಂಡು ಬೇಸ್ ಸ್ವರವನ್ನು ಮುಚ್ಚಿಹಾಕುತ್ತದೆ. ನಾನು ಎರಡು ಉಪಾಯ ಮಾಡಿದೆ. ಒಂದು, ಹಾಡನ್ನು ವೇಗ ಬದಲಿಸದೆ ಒಂದು ಆಕ್ಟೇವ್ (ಒಂದು ಸ್ಥಾಯಿ) ಮೇಲಕ್ಕೆ ಏರಿಸಿ ಕೇಳುವುದು. ಹಾಡಿನ ವೇಗ ನಿಧಾನ ಮಾಡುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಇದನ್ನೂ ಮಾಡುತ್ತದೆ. ಬೇಸ್ ಮೇಲೆ ಬಂದು ಗಿಟಾರ್‌ನ ಜಾಗದಲ್ಲಿ ಕೂರುತ್ತದೆ, ಮನುಷ್ಯನ ಕಿವಿಗೆ ಆ ಜಾಗದ ಸ್ವರ ಚೆನ್ನಾಗಿ ತಿಳಿಯುತ್ತದೆ. ಎರಡನೆಯದು, ಈಕ್ವಲೈಜರ್‌ನಲ್ಲಿ ಕೆಳಗಿನ ಗುಡುಗನ್ನು ಪೂರ್ತಿ ಇಳಿಸಿ 2ರಿಂದ 4 ಕಿಲೋಹರ್ಟ್ಸ್ ನಡುವೆ ಎತ್ತುವುದು. ಹ್ಯಾರಿಸ್ ಅವರ ತಂತಿ ಫ್ರೆಟ್‌ಗೆ (ಗಿಟಾರ್ ಕತ್ತಿನ ಮೇಲಿನ ಲೋಹದ ಪಟ್ಟಿಗೆ) ಬಡಿಯುವ ಟಕಟಕ ಸದ್ದು ಇರುವುದೇ ಅಲ್ಲಿ. ಸ್ವರ ಯಾವುದು ಎಂದು ಮೊದಲ ಉಪಾಯದಿಂದ, ಎಲ್ಲಿ ಬೀಳುತ್ತದೆ ಎಂದು ಎರಡನೆಯದರಿಂದ ತಿಳಿಯಿತು.

ಆ ಟಕಟಕ ಸದ್ದಿನ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ನನಗೆ ಈ ಇಡೀ ಕೆಲಸದಲ್ಲಿ ಖುಷಿ ಕೊಟ್ಟ ಭಾಗ ಅದೇ. ಹ್ಯಾರಿಸ್ ಫೆಂಡರ್ ಪ್ರಿಸಿಷನ್ ಬೇಸ್‌ಗೆ ರೋಟೋಸೌಂಡ್ ಕಂಪನಿಯ ಫ್ಲಾಟ್‌ವೌಂಡ್ ತಂತಿ ಹಾಕುತ್ತಾರೆ. ಅಂದರೆ ಹೊರಗಿನ ಸುತ್ತು ಚಪ್ಪಟೆಯಾಗಿ ನುಣುಪಾಗಿರುವ ತಂತಿ. ಸಾಮಾನ್ಯವಾಗಿ ಇಂಥ ತಂತಿಯನ್ನು ಮೆತ್ತಗಿನ, ಮಂಕಾದ ದನಿ ಬೇಕಾದವರು ಹಾಕುತ್ತಾರೆ. ಹೆವಿ ಮೆಟಲ್‌ನಲ್ಲಿ ಹೆಚ್ಚಿನವರು ಹೊಳಪಿನ ದನಿಯ ರೌಂಡ್‌ವೌಂಡ್ (ದುಂಡು ಸುತ್ತಿನ) ತಂತಿಯ ಹಿಂದೆ ಹೋಗುವಾಗ ಇವರು ಇದನ್ನೇ ಹಿಡಿದರು. ಪಿಕ್ ಇಲ್ಲ, ಬರೀ ಬೆರಳು. ನಾನೂ ಫ್ಲಾಟ್‌ವೌಂಡ್ ಹಾಕಿಸಿದೆ. ಮೊದಲಿಗೆ ದನಿ ಸತ್ತಂತೆ ಅನ್ನಿಸಿತು. ಆಮೇಲೆ ತಂತಿಯ ಎತ್ತರ ಇಳಿಸಿದೆ, ಫ್ರೆಟ್‌ಗೆ ಬಹುತೇಕ ತಾಗುವಷ್ಟು. ಆಗ ಬೆರಳು ಬಿದ್ದ ತಕ್ಷಣ ತಂತಿ ಫ್ರೆಟ್‌ಗೆ ಬಡಿದು 'ಟಕ್' ಅನ್ನುತ್ತದೆ, ಅದರ ಹಿಂದೆ ದಪ್ಪ ಸ್ವರ ಬರುತ್ತದೆ. ಆ ದನಿ ಬಂದ ಕ್ಷಣ ಎಷ್ಟೋ ಭಾಗಗಳು ಹಾಗೇಕೆ ಇವೆ ಅಂತ ಅರ್ಥವಾಯಿತು. ಬೇಸ್ ಇಲ್ಲಿ ಅರ್ಧ ಡ್ರಮ್.

ಇನ್ನು ಗ್ಯಾಲಪ್. ಕುದುರೆ ಓಟದಂಥ ಈ ಲಯ ಇಲ್ಲದೆ ಮೇಡನ್ ಇಲ್ಲ. ಒಂದು ಉದ್ದ, ಎರಡು ಗಿಡ್ಡ. ಬಾಯಲ್ಲಿ 'ತಾಂ ತಕ, ತಾಂ ತಕ' ಎಂದು ಹೇಳಿಕೊಂಡರೆ ಸರಿಯಾಗಿ ಕೂರುತ್ತದೆ. ಒಂದು ಬೀಟಿಗೆ ಮೂರು ಸ್ವರ. ನಿಮಿಷಕ್ಕೆ 120 ಬೀಟ್ ವೇಗವಾದರೂ ಸೆಕೆಂಡಿಗೆ ಆರು ಸ್ವರ, ಮೂರು ನಿಮಿಷಕ್ಕೆ ಸಾವಿರ ದಾಟುತ್ತದೆ. ಹಾಡುಗಳು ಅದಕ್ಕಿಂತ ಜೋರಾಗಿಯೂ ಓಡುತ್ತವೆ.

ಇದರಲ್ಲಿ ಒಂದು ತೊಡಕಿದೆ. ತೋರುಬೆರಳು, ನಡುಬೆರಳು ಎರಡನ್ನೂ ಒಂದಾದ ಮೇಲೊಂದು ಬಳಸಿದರೆ, ಮೂರು ಸ್ವರದ ಗುಂಪು ಪ್ರತಿ ಸಲ ಬೇರೆ ಬೆರಳಿನಿಂದ ಶುರುವಾಗುತ್ತದೆ. ಮೊದಲ ಗುಂಪು ತೋರುಬೆರಳಿನಿಂದ, ಎರಡನೆಯದು ನಡುಬೆರಳಿನಿಂದ. ಒತ್ತು ಬೀಳಬೇಕಾದ್ದು ಗುಂಪಿನ ಮೊದಲ ಸ್ವರಕ್ಕೆ. ಎರಡು ಬೆರಳಿನ ಬಲ ಒಂದೇ ಅಲ್ಲವಲ್ಲ, ಹಾಗಾಗಿ ಗ್ಯಾಲಪ್ ಕುಂಟುತ್ತದೆ. ಇದಕ್ಕೆ ನಾನು ಮಾಡಿದ್ದು ಇಷ್ಟೇ: ನಡುಬೆರಳಿನಿಂದ ಶುರುವಾಗುವ ಗುಂಪನ್ನು ಮಾತ್ರ ಬಿಡಿಯಾಗಿ, ನಿಧಾನವಾಗಿ, ಬೇಸರ ಬರುವಷ್ಟು ನುಡಿಸಿದೆ. ಎರಡೂ ಒಂದೇ ಥರ ಕೇಳುವವರೆಗೆ ಮೆಟ್ರೋನೋಮ್ (ತಾಳ ಬಡಿಯುವ ಯಂತ್ರ) ವೇಗ ಏರಿಸಲಿಲ್ಲ. ಇದಕ್ಕೆ ಒಳ್ಳೆಯ ಗರಡಿ ಇದೇ ಆಲ್ಬಮ್ಮಿನ 'ಸ್ಟ್ರಾಟೀಗೋ'. ಐದು ನಿಮಿಷದ ಹಾಡು, ಹೆಚ್ಚುಕಡಿಮೆ ಉದ್ದಕ್ಕೂ ಗ್ಯಾಲಪ್.

ದಮ್ಮಿನ ವಿಷಯದಲ್ಲಿ ಸಹಾಯ ಮಾಡಿದ್ದು ಆಂಪ್‌ನ (ಆಂಪ್ಲಿಫೈಯರ್) ವಾಲ್ಯೂಮ್. ಆಂಪ್ ಜಾಸ್ತಿ ಮಾಡಿ ಕೈ ಹಗುರ ಮಾಡಿಕೊಂಡೆ. ಜೋರಾಗಿ ಕೇಳಲಿ ಅಂತ ಜೋರಾಗಿ ಮೀಟಿದರೆ ಎಂಟನೇ ನಿಮಿಷಕ್ಕೆ ಮುಂಗೈ ಕಲ್ಲಾಗುತ್ತದೆ. ಉರಿ ಶುರುವಾದರೆ ನಿಲ್ಲಿಸುತ್ತಿದ್ದೆ, ಹಠ ಮಾಡುತ್ತಿರಲಿಲ್ಲ.

ಮೆಟ್ರೋನೋಮ್ ಅಭ್ಯಾಸಕ್ಕೆ ಸರಿ, ಹಾಡಿಗೆ ಅಲ್ಲ. ಹಾಡಿನ ಜೊತೆ ಅದನ್ನು ಬಿಟ್ಟರೆ ಸ್ವಲ್ಪ ಹೊತ್ತಿಗೆ ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. 2019ರ ಆರಂಭದಲ್ಲಿ ಪ್ಯಾರಿಸ್‌ನ ಗಿಯೋಮ್ ಟೆಲ್ ಸ್ಟುಡಿಯೋದಲ್ಲಿ ಇದರ ರೆಕಾರ್ಡಿಂಗ್ ಆಯಿತು. ಹಿಂದೆ ಸಿನಿಮಾ ಮಂದಿರವಾಗಿದ್ದ ಜಾಗ ಅದು. 2000ದ 'ಬ್ರೇವ್ ನ್ಯೂ ವರ್ಲ್ಡ್', 2015ರ 'ದ ಬುಕ್ ಆಫ್ ಸೋಲ್ಸ್' ಕೂಡ ಅಲ್ಲಿಯವೇ. ನಿರ್ಮಾಪಕ ಕೆವಿನ್ ಶರ್ಲಿ, ಜೊತೆಗೆ ಹ್ಯಾರಿಸ್. ಒಟ್ಟಿಗೆ ಕೂತು ನುಡಿಸಿದ ಹದ ಹಾಗೇ ಉಳಿದಿದೆ: ಕೋರಸ್ ಬಂದಾಗ ಒಂಚೂರು ಮುಂದೆ ವಾಲುತ್ತದೆ, ಆಮೇಲೆ ಹಿಂದೆ ಬರುತ್ತದೆ. ಹಾಗಾಗಿ ಕೊನೆಗೆ ಕಿವಿ ಇಡಬೇಕಾದ್ದು ಆಲ್ಬಮ್ಮಿನ ಡ್ರಮ್ ವಾದಕ ನಿಕೋ ಮೆಕ್‌ಬ್ರೇನ್ ಅವರ ಕಾಲಿನ ಮೇಲೆ. ಅವರು ಜೋಡಿ ಪೆಡಲ್ ಬಳಸುವವರಲ್ಲ. ಒಂದೇ ಕಾಲು, ಒಂದೇ ಬೇಸ್ ಡ್ರಮ್. ನನ್ನ ಎರಡು ಬೆರಳಿನ ಕಷ್ಟ ನೆನೆದು ಆ ಒಂದು ಕಾಲನ್ನು ಕೇಳಿದರೆ ಕೈಮುಗಿಯಬೇಕು ಅನ್ನಿಸುತ್ತದೆ. ರೆಕಾರ್ಡಿಂಗ್ ಹೊತ್ತಿಗೆ ಅವರಿಗೆ 66 ಆಗಿತ್ತು.

ಮೂರು ಹಾಡುಗಳಲ್ಲಿ 'ಡೆತ್ ಆಫ್ ದ ಕೆಲ್ಟ್ಸ್' ಬೇಗ ಬಂತು. ಶುರುವಿನ ಮೆತ್ತಗಿನ ಭಾಗದಲ್ಲಿ ಬೇಸೇ ಮುಂದೆ. ಇದೇ ಬ್ಯಾಂಡಿನ 1998ರ 'ದ ಕ್ಲಾನ್ಸ್‌ಮನ್' ನುಡಿಸಿದ್ದವರಿಗೆ ಬೆರಳು ಎಲ್ಲಿಗೆ ಹೋಗಬೇಕು ಅಂತ ಹೇಳಿಕೊಡಬೇಕಿಲ್ಲ. ಇದು ಅದರದ್ದೇ ತಮ್ಮ ಎಂದು ಆಡಿಕೊಳ್ಳುವವರಿದ್ದಾರೆ, ಆಡಿಕೊಳ್ಳಲಿ. ನಡುವಿನ ಉದ್ದದ ವಾದ್ಯಭಾಗ ಮಾತ್ರ ಅಣ್ಣನಿಗಿಂತ ಚೆನ್ನಾಗಿದೆ ಎಂಬುದು ನನ್ನ ಮಾತು.

'ಪಾರ್ಚ್‌ಮೆಂಟ್' ಬಗ್ಗೆ ನನಗೆ ತಕರಾರಿದೆ. ನಿಧಾನದ ಆ ಭಾರವಾದ ರಿಫ್ ಚೆನ್ನಾಗಿಯೇ ಇದೆ. ಆದರೆ ಅದೇ ದಾರಿಯಲ್ಲಿ ಅಷ್ಟು ಹೊತ್ತು ನಡೆಸುತ್ತಾರೆ. ಕೊನೆಯ ಹೊತ್ತಿಗೆ ವೇಗ ಏರಿದಾಗ ಮೈ ಜುಂ ಅನ್ನುವುದು ಆ ನಿಧಾನದಿಂದಲೇ, ಒಪ್ಪುತ್ತೇನೆ. ಆದರೂ ಎರಡು ನಿಮಿಷ ಕತ್ತರಿಸಿದ್ದರೆ ಆ ಜುಂ ಕಡಿಮೆಯಾಗುತ್ತಿರಲಿಲ್ಲ. ನುಡಿಸುವವರಿಗೆ ಇದರಲ್ಲಿ ಇನ್ನೊಂದು ಪೇಚು: ಅಷ್ಟು ಹೊತ್ತು ನಿಧಾನವಾಗಿದ್ದ ಕೈ ತಣ್ಣಗಾಗಿರುತ್ತದೆ, ಆಗಲೇ ಓಡು ಅನ್ನುತ್ತದೆ ಹಾಡು. ವೇಗ ಏರುವ ಮೊದಲಿನ ಒಂದೆರಡು ಸುತ್ತಿನಲ್ಲಿ ಬಲಗೈಯನ್ನು ತಂತಿಯ ಮೇಲೆ ಸದ್ದಿಲ್ಲದೆ ಆಡಿಸಿ ಬೆಚ್ಚಗೆ ಮಾಡಿಕೊಳ್ಳುವುದು ರೂಢಿಯಾಯಿತು.

'ಹೆಲ್ ಆನ್ ಅರ್ಥ್' ಬೇರೆಯೇ ಮಟ್ಟದ್ದು. ಅದರಲ್ಲಿ ಒಂದು ಸುತ್ತನ್ನೂ ತೆಗೆಯಲು ನಾನು ಒಪ್ಪುವುದಿಲ್ಲ. ತಣ್ಣಗೆ ಶುರುವಾಗಿ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಅವಸರವೇ ಮಾಡುವುದಿಲ್ಲ. ಆಮೇಲೆ ಗ್ಯಾಲಪ್ ಬಿಡುತ್ತದೆ. ನಡುವೆ ಒಮ್ಮೆ ಎಲ್ಲ ಇಳಿದು ಮತ್ತೆ ಏರುತ್ತದೆ, ಕೊನೆಗೆ ಮೊದಲಿನ ರಾಗಕ್ಕೇ ಮರಳಿ ದನಿ ಕರಗುತ್ತದೆ. ಇಲ್ಲಿ ಕಷ್ಟ ಕೊಟ್ಟಿದ್ದು ಗ್ಯಾಲಪ್ ಅಲ್ಲ, ಆ ಶುರು. ಕಡಿಮೆ ಸ್ವರ, ಪ್ರತಿಯೊಂದೂ ಕಿವಿಗೆ ಬೀಳುತ್ತದೆ. ಒಂದು ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಎಡಗೈ ಎಲ್ಲಿ ಬಿಡಬೇಕು ಅನ್ನುವುದರಲ್ಲೇ ಎಲ್ಲ ಇದೆ. ನನ್ನದನ್ನು ರೆಕಾರ್ಡ್ ಮಾಡಿ ಕೇಳಿ ಕೇಳಿ ತಿದ್ದಿಕೊಂಡೆ.

2023ರಲ್ಲಿ ಶುರುವಾದ 'ಫ್ಯೂಚರ್ ಪಾಸ್ಟ್' ಪ್ರವಾಸದಲ್ಲಿ ಬ್ಯಾಂಡ್ ಈ ಮೂರರಲ್ಲಿ ಎರಡನ್ನು ವೇದಿಕೆಗೆ ತಂದಿತು, 'ಡೆತ್ ಆಫ್ ದ ಕೆಲ್ಟ್ಸ್' ಮತ್ತು 'ಹೆಲ್ ಆನ್ ಅರ್ಥ್'. ಅದೇ ವರ್ಷದ ಜನವರಿಯಲ್ಲಿ ಪಾರ್ಶ್ವವಾಯು ಬಡಿದಿದ್ದ ಮೆಕ್‌ಬ್ರೇನ್ ಮೇ ತಿಂಗಳಿಗೆ ಡ್ರಮ್ ಹಿಂದೆ ಕೂತಿದ್ದರು. ಪಾರ್ಚ್‌ಮೆಂಟ್ ಆ ಪಟ್ಟಿಯಲ್ಲಿ ಇರಲಿಲ್ಲ.

ಈಗ ಗೆಳೆಯರ ಜೊತೆ ನಾನು ನುಡಿಸುವುದೂ ಆ ಎರಡನ್ನೇ. ಪಾರ್ಚ್‌ಮೆಂಟ್ ಒಬ್ಬನೇ ಇರುವಾಗ ಮಾತ್ರ. ಕಲಿಯಬೇಕು ಅನ್ನುವವರು 'ಸ್ಟ್ರಾಟೀಗೋ'ದಿಂದ ಕೈ ಪಳಗಿಸಿಕೊಳ್ಳಿ, 'ಕೆಲ್ಟ್ಸ್'ನಿಂದ ನಕ್ಷೆ ಬರೆಯುವುದನ್ನು ರೂಢಿಸಿಕೊಳ್ಳಿ, ಆಮೇಲೆ 'ಹೆಲ್ ಆನ್ ಅರ್ಥ್'ಗೆ ಹೋಗಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಸುತ್ತಿನ ಲೆಕ್ಕ ಮೊದಲ ಸಲಕ್ಕೆ ಸರಿ ಬರುವುದಿಲ್ಲ.